15 ಅಡಿ ಎತ್ತರದ ಚಳಿ

ಹಳೆಯ ದೊಡ್ಡ ಮನೆಗಳಲ್ಲಿ ಒಂದು ವಿಚಿತ್ರವುಂಟು. ಮನೆಯಲ್ಲೇ ಅತಿ ದೊಡ್ಡದೂ ಅತಿ ಚೆಂದದ್ದೂ ಆದ ಕೋಣೆಯಲ್ಲಿ ಮನೆಯವರು ಮಾತ್ರ ಕೂರುವುದಿಲ್ಲ. ಅದೇನಿದ್ದರೂ ಬಂದವರಿಗೆ. ಗೋಡೆಯ ಮೇಲೆ ಹಿರಿಯರ ಫೋಟೋಗಳು, ಗಾಜಿನ ಕಪಾಟಿನಲ್ಲಿ ಯಾರೂ ಕಾಫಿ ಕುಡಿಯದ ಪಿಂಗಾಣಿಯ ಕಪ್ಪು ಬಸಿಗಳು, ಕಾಲು ಚಾಚಲು ಸಂಕೋಚವಾಗುವಂಥ ಸೋಫಾ, ಅದರಾಚೆ 8 ಜನ ಕೂರಬಹುದಾದ ಬೀಟೆ ಮರದ ಊಟದ ಮೇಜು. ಮನೆಯವರ ಬದುಕೆಲ್ಲ ನಡೆಯುವುದು ಅಡುಗೆಮನೆಯಲ್ಲಿ, ಹಿಂದಿನ ಜಗಲಿಯಲ್ಲಿ. ಹಜಾರಕ್ಕೆ ಕಾಲಿಡುವುದು ಕಸ ಗುಡಿಸಲು, ಇಲ್ಲವೇ ಬೀಗರು ಬಂದಾಗ. ಬಯಲುಸೀಮೆಯಲ್ಲಾದರೆ ಬೇಸಿಗೆಯ ಮಧ್ಯಾಹ್ನ ಅಲ್ಲಿ ಚಾಪೆ ಹಾಸಿ ಮಲಗುವವರಾದರೂ ಇರುತ್ತಾರೆ. ಮಡಿಕೇರಿಯಂಥ ಊರಿನಲ್ಲಿ ಅದೂ ಇಲ್ಲ.

ಮಡಿಕೇರಿ ಸಮುದ್ರಮಟ್ಟಕ್ಕಿಂತ ಸುಮಾರು 1150 ಮೀಟರ್ ಎತ್ತರದಲ್ಲಿದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ. ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆ ಒಣಗುವುದೇ ಒಂದು ಸಾಹಸ. ಇಂಥ ಊರಿನಲ್ಲೂ ಹಳೆಯ ಬಂಗಲೆಗಳ ಚಾವಣಿ ಆಕಾಶಕ್ಕೇ ಏಣಿ ಹಾಕಿದಂತಿರುತ್ತದೆ. ಬ್ರಿಟಿಷರ ಬಂಗಲೆಯ ಮಾದರಿ ರೂಪುಗೊಂಡದ್ದು ಸುಡುಬಿಸಿಲಿನ ಬಯಲು ನಾಡಿನಲ್ಲಿ. ಬಿಸಿಗಾಳಿ ಮೇಲೇರಿ ಗಾಳಿಕಿಂಡಿಗಳಿಂದ ಹೊರಹೋಗಲಿ ಎಂದು ಅಲ್ಲಿ ಚಾವಣಿಯನ್ನು ಎತ್ತರಿಸಿದರು. ಬೆಟ್ಟಕ್ಕೆ ಬಂದಾಗ ಅದೇ ನಕ್ಷೆಯನ್ನು ಜೊತೆಗೆ ತಂದು, ಗೋಡೆಯಲ್ಲಿ ಒಂದು ಬೆಂಕಿಗೂಡನ್ನು ಸೇರಿಸಿದರು. ಬೆಂಕಿಗೂಡಿಗೆ ದಿನವೂ ಸೌದೆ ಹಾಕುವ ಆಳುಕಾಳು ಇದ್ದಷ್ಟು ದಿನ ಅದೂ ನಡೆಯಿತು.

ಮಡಿಕೇರಿಯ ಅಂಥದೊಂದು ಮನೆಯಲ್ಲಿ ಈಗ 5 ಜನರ ವಾಸ: ಅಜ್ಜಿ, ಅವರ ಮಗ, ಸೊಸೆ, ಪಿಯುಸಿ ಓದುವ ಮೊಮ್ಮಗ, ಹತ್ತನೆಯ ತರಗತಿಯ ಮೊಮ್ಮಗಳು. ಹಜಾರದ ಉದ್ದ 24 ಅಡಿ, ಅಗಲ 16 ಅಡಿ, ಎತ್ತರ 15 ಅಡಿ. ನಡುವೆ ಒಂದು ಕಮಾನು. ಈಚೆಗೆ ಕೂರುವ ಜಾಗ, ಆಚೆಗೆ ಊಟದ ಮೇಜು. ತಾತ ಇದ್ದಾಗ ರಾತ್ರಿಯ ಊಟಕ್ಕೆ ಎಲ್ಲರೂ ಆ ಮೇಜಿಗೇ ಬರಬೇಕೆಂಬ ನಿಯಮವಿತ್ತು. ತಾತ ಹೋದ ಮೇಲೆ ನಿಯಮವೂ ಹೋಯಿತು. ಅಜ್ಜಿ ತಟ್ಟೆ ಹಿಡಿದು ಅಡುಗೆಮನೆಯ ಒಲೆಯ ಬಳಿ ಸೇರಿದರು. ಮೊಮ್ಮಗ ಊಟ ಮಾಡುವುದು ತನ್ನ ಕೋಣೆಯಲ್ಲಿ, ಮೊಬೈಲು ನೋಡುತ್ತ. ಮೊಮ್ಮಗಳು ಟೀವಿಯ ಮುಂದೆ. ಬೀಟೆಯ ಮೇಜಿನ ಮೇಲೆ ಹಳೆಯ ಪೇಪರು, ಒಣಗದ ಬಟ್ಟೆ, ಇಸ್ತ್ರಿಪೆಟ್ಟಿಗೆ ಬಂದು ಕೂತವು. ಯಾಕೆ ಹೀಗೆ ಎಂದರೆ ಎಲ್ಲರದೂ ಒಂದೇ ಉತ್ತರ: 'ಅಲ್ಲಿ ಚಳಿ.'

ಚಳಿಗೆ ಮದ್ದು ಹುಡುಕಿದ್ದಾಯಿತು. 2 ಕಿಲೋವ್ಯಾಟಿನ ಬಿಸಿಗಾಳಿಯ ಹೀಟರು ಬಂತು. ವಿದ್ಯುತ್ ಬಿಲ್ಲು ಏರಿತು, ಚಳಿ ಇಳಿಯಲಿಲ್ಲ. ಕೊನೆಗೆ ಗುತ್ತಿಗೆದಾರರೊಬ್ಬರು ಬಂದು 9 ಅಡಿಗೆ ಫಾಲ್ಸ್ ಸೀಲಿಂಗ್ ಹಾಕಿದರೆ ಎಲ್ಲ ಸರಿಹೋಗುತ್ತದೆಂದು ಅಂದಾಜುಪಟ್ಟಿ ಕೊಟ್ಟರು. ಮೊತ್ತ ನೋಡಿದ ಮನೆಯ ಯಜಮಾನರಿಗೆ ಆ ಚಳಿಯಲ್ಲೂ ಬೆವರಿತು.

ಅದೇ ಹೊತ್ತಿಗೆ ಮೊಮ್ಮಗಳಿಗೆ ಶಾಲೆಯಲ್ಲಿ ಉಷ್ಣದ ಬಗ್ಗೆ ಒಂದು ಯೋಜನಾಕಾರ್ಯ ಮಾಡಬೇಕಿತ್ತು. ಜೇಡರಬಲೆ ತೆಗೆಯುವ ಬಿದಿರಿನ ಗಳುವಿಗೆ 3 ಉಷ್ಣತಾಮಾಪಕ ಕಟ್ಟಿ, ಹೀಟರು ಹಾಕಿದ ಒಂದು ಗಂಟೆಯ ನಂತರ ಹಜಾರದಲ್ಲಿ ನಿಲ್ಲಿಸಿದಳು. ನೆಲದ ಹತ್ತಿರ 16 ಡಿಗ್ರಿ ಸೆಲ್ಸಿಯಸ್, ಮೇಜಿನ ಮಟ್ಟದಲ್ಲಿ 17, ಚಾವಣಿಯ ಬಳಿ 22. ಕಾಸು ಕೊಟ್ಟು ತಂದ ಬಿಸಿಯನ್ನೆಲ್ಲ ಮೇಲಿನ ಜೇಡಗಳು ಅನುಭವಿಸುತ್ತಿದ್ದವು! ಬಿಸಿಯಾದ ಗಾಳಿ ಹಿಗ್ಗುತ್ತದೆ, ಹಗುರವಾಗುತ್ತದೆ, ಮೇಲೇರುತ್ತದೆ. ಇದು ಪಠ್ಯಪುಸ್ತಕದಲ್ಲಿರುವ ಸಂವಹನವೇ. ಮನೆಯ ಚಾವಣಿಗೂ ಅದು ಅನ್ವಯಿಸುತ್ತದೆ ಎಂಬುದಷ್ಟೇ ಯಾರಿಗೂ ಹೊಳೆದಿರಲಿಲ್ಲ.

ಲೆಕ್ಕವೊಂದನ್ನು ಮಾಡಿ ನೋಡುವುದು ಸ್ವಾರಸ್ಯಕರ. ಈ ಹಜಾರದ ಗಾತ್ರ ಸುಮಾರು 163 ಘನ ಮೀಟರ್. ಮಡಿಕೇರಿಯ ಎತ್ತರದಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ ಒಂದು ಕಿಲೋಗ್ರಾಮಿಗಿಂತ ತುಸು ಹೆಚ್ಚು. ಅಂದರೆ ಹಜಾರದ ಗಾಳಿಯೆಲ್ಲ ಸೇರಿ 174 ಕಿಲೋಗ್ರಾಮಿನಷ್ಟು. ಅಷ್ಟು ಗಾಳಿಯನ್ನು 5 ಡಿಗ್ರಿ ಬಿಸಿ ಮಾಡಲು ಬೇಕಾದ ಶಕ್ತಿ ಕೇವಲ ಕಾಲು ಯೂನಿಟ್ ವಿದ್ಯುತ್. 2 ಕಿಲೋವ್ಯಾಟಿನ ಹೀಟರಿಗೆ 8 ನಿಮಿಷದ ಕೆಲಸ. ಹಾಗಿದ್ದರೆ ಗಂಟೆಗಟ್ಟಲೆ ಉರಿಸಿದರೂ ಯಾಕೆ ಬೆಚ್ಚಗಾಗುವುದಿಲ್ಲ? ಏಕೆಂದರೆ ಗಾಳಿ ಅಲ್ಲೇ ನಿಲ್ಲುವುದಿಲ್ಲ. ಬಿಸಿಯಾದದ್ದು ಗಾಳಿಕಿಂಡಿಯಿಂದ ಹೊರಗೆ ಹೋಗುತ್ತದೆ, ತಣ್ಣಗಿನದು ಬಾಗಿಲ ಸಂದಿನಿಂದ ಒಳಗೆ ಬರುತ್ತದೆ. ಉಳಿದ ಬಿಸಿಯನ್ನು ಟನ್ನುಗಟ್ಟಲೆ ತೂಕದ ಕಲ್ಲು ಗಾರೆಯ ಗೋಡೆಗಳು ಮೌನವಾಗಿ ನುಂಗುತ್ತವೆ.

ದೊಡ್ಡ ಕಳ್ಳ ಅಡಗಿದ್ದದ್ದು ಬೆಂಕಿಗೂಡಿನಲ್ಲಿ. ಬೆಂಕಿ ಹಾಕದೆ ವರ್ಷಗಳಾಗಿದ್ದರೂ ಅದರ ಹೊಗೆಕೊಳವೆ ತೆರೆದೇ ಇತ್ತು. ಊದುಬತ್ತಿ ಹಚ್ಚಿ ಹಿಡಿದರೆ ಹೊಗೆ ಸರ್ರನೆ ಗೂಡಿನೊಳಕ್ಕೆ ಹೋಗುತ್ತಿತ್ತು. ಬೆಂಕಿ ಉರಿಯುವಾಗಲೂ ಈ ಕಳವು ತಪ್ಪಿದ್ದಲ್ಲ. ಫಿರಂಗಿ ಕೊರೆಯುವಾಗ ಹುಟ್ಟುವ ಉಷ್ಣವನ್ನು ಕುರಿತು 1798ರಲ್ಲಿ ಬರೆದ ಕೌಂಟ್ ರಂಫರ್ಡನ ಹೆಸರನ್ನು ವಿಜ್ಞಾನದ ವಿದ್ಯಾರ್ಥಿಗಳು ಕೇಳಿರುತ್ತಾರೆ. ಅವನೇ ಅದಕ್ಕೆ 2 ವರ್ಷ ಮೊದಲು ಬೆಂಕಿಗೂಡುಗಳನ್ನು ಕುರಿತು ಒಂದು ಪ್ರಬಂಧ ಪ್ರಕಟಿಸಿದ್ದ. ಗೂಡಿನ ಆಳ ಕಡಿಮೆ ಮಾಡಿ, ಪಕ್ಕದ ಗೋಡೆಗಳನ್ನು ಓರೆಯಾಗಿಸಿ, ಹೊಗೆಕೊಳವೆಯ ಗಂಟಲನ್ನು ಕಿರಿದುಗೊಳಿಸಿದರೆ ಕೋಣೆಯ ಬಿಸಿಗಾಳಿ ವ್ಯರ್ಥವಾಗಿ ಹೊರಹೋಗುವುದು ತಗ್ಗಿ, ಬೆಂಕಿಯ ವಿಕಿರಣ ಕೋಣೆಯೊಳಕ್ಕೆ ತಿರುಗುತ್ತದೆಂದು ತೋರಿಸಿದ. ಮಡಿಕೇರಿಯ ಮನೆಯಲ್ಲಿ ಗೂಡನ್ನು ಕಟ್ಟಿಸುವ ಗೋಜಿಗೆ ಹೋಗಲಿಲ್ಲ. ಅದರ ಬಾಯಿಗೆ ಒಂದು ಹಲಗೆಯನ್ನು ಬಿಗಿಯಾಗಿ ಕೂರಿಸಿದರು, ಅಷ್ಟೇ.

ಒಂದು ಎಚ್ಚರಿಕೆ. ಇಂಥ ಕೋಣೆಯನ್ನು ಬೆಚ್ಚಗಾಗಿಸಲು ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಹಾಕಿಕೊಳ್ಳುವವರಿದ್ದಾರೆ. ಇದ್ದಿಲಿನಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆ ಬಂದಂತಾಗಿ ಪ್ರಾಣವೇ ಹೋಗಬಹುದು. ಚಾವಣಿ ಎಷ್ಟೇ ಎತ್ತರವಿರಲಿ, ಮುಚ್ಚಿದ ಕೋಣೆಯಲ್ಲಿ ಕೆಂಡ ಬೇಡ.

ಉಳಿದದ್ದು ಸಣ್ಣ ಕೆಲಸಗಳು. ಕೋಣೆಯನ್ನೆಲ್ಲ ಬಿಸಿ ಮಾಡುವ ಹಂಬಲ ಬಿಟ್ಟು, ಕೂತವರನ್ನು ಬಿಸಿ ಮಾಡುವ ಉಪಾಯ ಹುಡುಕಿದರು. ಗಾಳಿ ಊದುವ ಹೀಟರಿನ ಬದಲು ಕೆಂಪಗೆ ಕಾಯುವ ಸರಳಿನ ಹೀಟರನ್ನು ಮೇಜಿನಿಂದ ಸಾಕಷ್ಟು ದೂರದಲ್ಲಿ, ಪರದೆಗೆ ತಗಲದಂತೆ ಇಟ್ಟರು. ಅದರ ವಿಕಿರಣ ಬಿಸಿಲಿನಂತೆ ನೇರವಾಗಿ ಮೈಗೆ ತಾಗುತ್ತದೆ. ನಡುವಿನ ಗಾಳಿ ಕಾಯುವವರೆಗೆ ಕಾಯಬೇಕಿಲ್ಲ. ಕೆಂಪು ಗಾರೆಯ ನೆಲದ ಮೇಲೆ, ಟ್ರಂಕಿನಲ್ಲಿ ಮಡಿಸಿಟ್ಟಿದ್ದ ನವಲಗುಂದದ ಜಮಖಾನ ಹಾಸಿದರು. ನೆಲವೂ ಜಮಖಾನವೂ ಒಂದೇ ಉಷ್ಣತೆಯಲ್ಲಿದ್ದರೂ ಗಾರೆ ಪಾದದ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ, ಹತ್ತಿ ಎಳೆದುಕೊಳ್ಳುವುದಿಲ್ಲ. ಫ್ಯಾನನ್ನು ಅತಿ ನಿಧಾನದ ವೇಗದಲ್ಲಿ ಆಗಾಗ ತಿರುಗಿಸಿ ಮೇಲೆ ನಿಂತ ಬಿಸಿಗಾಳಿಯನ್ನು ಕೆಳಗೆ ಕಲಸಿದರು. ಚಳಿದೇಶಗಳಲ್ಲಿ ಚಳಿಗಾಲಕ್ಕೆಂದೇ ಫ್ಯಾನನ್ನು ಹಿಮ್ಮುಖವಾಗಿ ತಿರುಗಿಸುವ ಪದ್ಧತಿಯಿದೆ. ಹಾಗೆ ಮಾಡಿದರೆ ಗಾಳಿ ನೇರವಾಗಿ ತಲೆಯ ಮೇಲೆ ಬೀಸುವುದಿಲ್ಲ. ಮೇಜಿನ ಮಟ್ಟದಲ್ಲಿ ಮಾಪಕ 19 ತೋರಿಸಿತು. ಪೇಪರು, ಬಟ್ಟೆಗಳನ್ನು ತೆಗೆದು ಮೇಜು ಒರೆಸಿದರು. ನಾಲ್ವರು ಊಟಕ್ಕೆ ಕೂತರು.

ಅಜ್ಜಿ ಮಾತ್ರ 2 ದಿನ ಬಂದು ಕೂತು, ಮೂರನೆಯ ದಿನ ಮತ್ತೆ ತಟ್ಟೆ ಹಿಡಿದು ಅಡುಗೆಮನೆ ಸೇರಿದರು. ಕೇಳಿದರೆ 'ನನಗೆ ಅಲ್ಲೇ ಸರಿ' ಎಂದರು. ಮಗನಿಗೆ ಬೇಸರವಾಯಿತು. ಸೊಸೆಗೆ ಅದು ತನ್ನ ಮೇಲಿನ ಮುನಿಸೋ ಏನೋ ಎಂಬ ಅನುಮಾನ. ವಯಸ್ಸಾದವರ ಹಟ ಎಂದು ಮೊಮ್ಮಗ ತೀರ್ಪು ಕೊಟ್ಟ. ಹೀಗೆ ಒಂದೇ ಸೂರಿನ ಕೆಳಗೆ ಸಣ್ಣದೊಂದು ಬಿರುಕು ಕಾಣಿಸಿಕೊಂಡಿತು.

ಮೊಮ್ಮಗಳು ಗಮನಿಸಿದ್ದು ಬೇರೆ. ಅಡುಗೆಮನೆಯಲ್ಲಿ ಕೇಳಿದ್ದಕ್ಕೆಲ್ಲ ಅಜ್ಜಿ ಸರಿಯಾಗಿಯೇ ಉತ್ತರಿಸುತ್ತಾರೆ. ಹಜಾರದಲ್ಲಿ ಮಾತ್ರ ಎಲ್ಲದಕ್ಕೂ ಸುಮ್ಮನೆ ನಕ್ಕು ತಲೆಯಾಡಿಸುತ್ತಾರೆ. 'ಉಪ್ಪಿನಕಾಯಿ ಬೇಕಾ?' ಎಂದರೂ ನಗು, 'ಕಾಲುನೋವು ಹೇಗಿದೆ?' ಎಂದರೂ ಅದೇ ನಗು. ಅವಳು ಖಾಲಿ ಹಜಾರದಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿದಳು. ಸದ್ದು ಗೋಡೆಯಿಂದ ಗೋಡೆಗೆ, ಚಾವಣಿಯಿಂದ ನೆಲಕ್ಕೆ ಅಲೆದು ಅಡಗಲು ಹತ್ತಿರ ಹತ್ತಿರ 3 ಸೆಕೆಂಡು ಬೇಕಾಯಿತು.

ಇದಕ್ಕೆ ಅನುರಣನ ಎಂದು ಹೆಸರು. ಇದನ್ನು ಮೊದಲು ಅಳೆದು ಲೆಕ್ಕಕ್ಕೆ ಕಟ್ಟಿದವನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ತರುಣ ಭೌತವಿಜ್ಞಾನ ಅಧ್ಯಾಪಕ ವ್ಯಾಲೇಸ್ ಸೇಬಿನ್. ಅಲ್ಲಿನ ಫಾಗ್ ಕಲಾ ಸಂಗ್ರಹಾಲಯದ ಉಪನ್ಯಾಸ ಭವನದಲ್ಲಿ ಆಡಿದ ಮಾತು ಸುಮಾರು ಐದೂವರೆ ಸೆಕೆಂಡು ಮೊರೆಯುತ್ತಿತ್ತು. ಪಾಠ ಯಾರಿಗೂ ತಿಳಿಯುತ್ತಿರಲಿಲ್ಲ. 1895ರಲ್ಲಿ ಅದನ್ನು ಸರಿಪಡಿಸುವ ಹೊಣೆ ಸೇಬಿನ್‌ಗೆ ಬಿತ್ತು. ಊರು ಮಲಗಿದ ಮೇಲೆ ಅವನು ಸಮೀಪದ ಸ್ಯಾಂಡರ್ಸ್ ಥಿಯೇಟರಿನ ಆಸನದ ಮೆತ್ತೆಗಳನ್ನು ಹೊತ್ತು ತರುತ್ತಿದ್ದ. ಒಂದೊಂದಾಗಿ ಹರಡುತ್ತ, ಆರ್ಗನ್ ಕೊಳವೆಯನ್ನು ನುಡಿಸಿ, ಸದ್ದು ಅಡಗುವ ಹೊತ್ತನ್ನು ಅಳೆಯುತ್ತಿದ್ದ. ಬೆಳಗಾಗುವುದರೊಳಗೆ ಮೆತ್ತೆಗಳು ತಮ್ಮ ಜಾಗಕ್ಕೆ ಮರಳಬೇಕು! ಕೋಣೆಯ ಗಾತ್ರ ಹೆಚ್ಚಿದಷ್ಟೂ ಸದ್ದು ಹೆಚ್ಚು ಹೊತ್ತು ಉಳಿಯುತ್ತದೆ, ಸದ್ದನ್ನು ಹೀರುವ ವಸ್ತು ಹೆಚ್ಚಿದಷ್ಟೂ ಬೇಗ ಅಡಗುತ್ತದೆ ಎಂಬ ಅವನ ಸೂತ್ರ ಹುಟ್ಟಿದ್ದು ಹೀಗೆ. 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಭವನವನ್ನು ಈ ಸೂತ್ರದ ಆಧಾರದ ಮೇಲೆ ಕಟ್ಟಲಾಯಿತು. ತೆರೆದ ಕಿಟಕಿಯಿಂದ ಹೊರಹೋದ ಸದ್ದು ಮರಳಿ ಬರುವುದಿಲ್ಲವಾದ್ದರಿಂದ ಅದನ್ನೇ ಸೇಬಿನ್ ಅಳತೆಗೋಲಾಗಿ ಇಟ್ಟುಕೊಂಡ. ಆ ಲೆಕ್ಕದಲ್ಲಿ ಕೂತ ಮನುಷ್ಯನೊಬ್ಬ ಸುಮಾರು ಅರ್ಧ ಚದರ ಮೀಟರ್ ತೆರೆದ ಕಿಟಕಿಗೆ ಸಮ. ಜನ ತುಂಬಿದ ಮನೆ ಮೊರೆಯದಿರುವುದು ಇದರಿಂದಲೇ.

ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಸ್ಥಾಯಿಯ ಸಣ್ಣ ಸದ್ದುಗಳನ್ನು. ಸ, ಶ, ಫ, ತ ಮುಂತಾದ ವ್ಯಂಜನಗಳನ್ನು. ಮೊರೆಯುವ ಕೋಣೆಯಲ್ಲಿ ಹಿಂದಿನ ಅಕ್ಷರದ ಬಾಲ ಮುಂದಿನ ಅಕ್ಷರದ ಮೇಲೆ ಬೀಳುತ್ತದೆ. ಎಳೆಯ ಕಿವಿ ಅದನ್ನು ಬಿಡಿಸಿಕೊಳ್ಳುತ್ತದೆ, ಮುದಿ ಕಿವಿಗೆ ಆಗುವುದಿಲ್ಲ. ಗಟ್ಟಿಯಾಗಿ ಕೂಗಿದರೆ ಮೊರೆತವೂ ಅಷ್ಟೇ ಗಟ್ಟಿಯಾಗುತ್ತದೆ. ತಾತ ಇದ್ದಾಗ ಪಕ್ಕದಲ್ಲೇ ಕೂತು, ಯಾರು ಏನೆಂದರೆಂದು ಅಜ್ಜಿಗೆ ತಿರುಗಿ ಹೇಳುತ್ತಿದ್ದರು. ಆಗ ಅದನ್ನು ಎಲ್ಲರೂ ತಾತನ ಅಭ್ಯಾಸವೆಂದೇ ತಿಳಿದಿದ್ದರು.

ಮುಂದಿನ ಭಾನುವಾರ ಹಜಾರಕ್ಕೆ ಬೇರೆಯೇ ಚಿಕಿತ್ಸೆ ನಡೆಯಿತು. ಕಿಟಕಿಗಳಿಗೆ ತೆಳುಬಟ್ಟೆಯ ಬದಲು ನೆರಿಗೆ ಹಿಡಿದ ದಪ್ಪ ಪರದೆ ಇಳಿಬಿಟ್ಟರು. ಅದು ಚಳಿಗೂ ತಡೆ, ಸದ್ದಿಗೂ ತಡೆ. ಅಟ್ಟದ ಮೇಲಿದ್ದ ತಾತನ ಪುಸ್ತಕಗಳು ತೆರೆದ ಕಪಾಟಿನಲ್ಲಿ ಗೋಡೆಗೆ ಬಂದವು. ಮರದ ಕುರ್ಚಿಗಳಿಗೆ ಮೆತ್ತೆ, ಮೇಜಿನ ಮೇಲೆ ದಪ್ಪ ಬಟ್ಟೆ. ಮೇಜನ್ನು ಮೂಲೆಗೆ ಸರಿಸಿ, ಅಜ್ಜಿಯ ಬೆನ್ನಿಗೆ ಪರದೆ ಬರುವಂತೆ, ಎದುರಿಗೆ ಎಲ್ಲರ ಮುಖ ಕಾಣುವಂತೆ ಅವರ ಕುರ್ಚಿ ಹಾಕಿದರು. ಚಾವಣಿಯ ಬಲ್ಬು ಮೇಜಿನಿಂದ 12 ಅಡಿ ಮೇಲಿತ್ತು. ವೈರು ಇಳಿಸಿ ಅದನ್ನು 4 ಅಡಿಗೆ ತಂದರು. ದೂರ ಮೂರನೆಯ ಒಂದಾದರೆ ಬೆಳಕು ಒಂಬತ್ತು ಪಟ್ಟು. ಹೊಸ ಬಲ್ಬು ಬೇಕಾಗಲಿಲ್ಲ. ತುಟಿಯ ಚಲನೆ ಅಜ್ಜಿಗೆ ಕಾಣತೊಡಗಿತು. ಮಂದ ಕಿವಿಗೆ ಕಣ್ಣೇ ಅರ್ಧ ಆಸರೆ.

ಆ ರಾತ್ರಿ ಅಜ್ಜಿಯನ್ನು ಕೈಹಿಡಿದು ಕರೆತಂದು ಕೂರಿಸಿದರು. ಊಟದ ನಡುವೆ ಮೊಮ್ಮಗ ಕಾಲೇಜಿನ ಯಾವುದೋ ಪ್ರಸಂಗ ಹೇಳಿದ. ಅಜ್ಜಿ ನಕ್ಕರು, ಈ ಸಲ ಸರಿಯಾದ ಜಾಗದಲ್ಲಿ. ಆಮೇಲೆ ಮೆಲ್ಲಗೆ, 'ನೀವೆಲ್ಲ ನನ್ನ ಹತ್ತಿರ ಮಾತು ಬಿಟ್ಟಿದ್ದೀರಿ ಅಂದುಕೊಂಡಿದ್ದೆ' ಎಂದರು. ಯಾರಿಗೂ ಉತ್ತರ ಹೊಳೆಯಲಿಲ್ಲ. ಮಗ ಇನ್ನೊಂದು ಸೌಟು ಸಾರು ಬಡಿಸಿದರು. ಮರುವಾರ ಕಿವಿಯ ವೈದ್ಯರಲ್ಲಿಗೆ ಹೋಗಲು ಅಜ್ಜಿ ಒಪ್ಪಿದರು. ಅಲ್ಲಿಯವರೆಗೆ ಆ ಮಾತೆತ್ತಿದರೆ ಸಾಕು, ಸಿಡುಕುತ್ತಿದ್ದರು.

ಎಲ್ಲವೂ ಪವಾಡದಂತೆ ಸರಿಹೋಯಿತೆಂದಲ್ಲ. ಮಳೆಗಾಲ ಜೋರಾದ ದಿನಗಳಲ್ಲಿ ಈಗಲೂ ಐವರೂ ಅಡುಗೆಮನೆಯಲ್ಲೇ ಮುದುಡಿ ಕೂರುತ್ತಾರೆ. ಫಾಲ್ಸ್ ಸೀಲಿಂಗಿನ ಅಂದಾಜುಪಟ್ಟಿ ಮಾತ್ರ ಪುಸ್ತಕವೊಂದರ ನಡುವೆ ಗುರುತಿನ ಚೀಟಿಯಾಗಿದೆ. ಅದನ್ನು ಹಾಕಿಸಿದ್ದರೆ ಬಿಸಿಗಾಳಿಯ ಏರಾಟ ಕಡಿಮೆಯಾಗುತ್ತಿತ್ತು, ನಿಜ. ಆದರೆ ಬೇಸಿಗೆಗೆ ಬೇಕಾದ ಗಾಳಿಕಿಂಡಿಗಳು ಮುಚ್ಚಿಹೋಗುತ್ತಿದ್ದವು, ಹಲಗೆಯ ಚಾವಣಿಯ ತೇವ ಕಣ್ಣಿಗೆ ಬೀಳುತ್ತಿರಲಿಲ್ಲ, ಬರಿಯ ನೆಲ ಗೋಡೆಗಳು ಅಜ್ಜಿಯ ಪಾಲಿಗೆ ಮೊದಲಿನಂತೆಯೇ ಮೊರೆಯುತ್ತಿದ್ದವು.

ಉಷ್ಣ, ಶಬ್ದ, ಬೆಳಕು ಪಠ್ಯದಲ್ಲಿ ಮೂರು ಬೇರೆ ಬೇರೆ ಅಧ್ಯಾಯಗಳು. ಮನೆಯ ಹಜಾರದಲ್ಲಿ ಅವು ಒಟ್ಟಿಗೇ ವಾಸಿಸುತ್ತವೆ. ದೊಡ್ಡ ಕೋಣೆಯಿರುವ ಮನೆಯ ಮಕ್ಕಳು ಪರೀಕ್ಷೆ ಮುಗಿದ ಮೇಲೊಮ್ಮೆ ಒಂದು ಉಷ್ಣತಾಮಾಪಕ, ಒಂದು ಊದುಬತ್ತಿ, ಒಂದು ಚಪ್ಪಾಳೆಯೊಂದಿಗೆ ಅಲ್ಲಿ ಅರ್ಧ ಗಂಟೆ ಕಳೆಯಬಹುದು. ತಂದೆತಾಯಂದಿರು ಗುತ್ತಿಗೆದಾರರಿಗೆ ಫೋನು ಮಾಡುವ ಮುನ್ನ, ಆ ಕೋಣೆಗೆ ಮನೆಯಲ್ಲಿ ಯಾರು ಬರುತ್ತಿಲ್ಲ ಎಂದು ನೋಡಿ, ಯಾಕೆಂದು ಅವರನ್ನೇ ಹತ್ತಿರ ಕೂತು ಕೇಳುವುದು ಒಳ್ಳೆಯದು.