ಗೋರಿಕಲ್ಲೂ ಶಾಸನವೇ

ಮಧುಗಿರಿ, ಶಿರಾ, ಪಾವಗಡ ಸೀಮೆಯ ಶಾಸನಗಳನ್ನು ಶಾಸನತಜ್ಞ ಬಿ.ಎಲ್. ರೈಸ್ 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕ ಮಾಲೆಯ ತುಮಕೂರು ಸಂಪುಟದಲ್ಲಿ ಅಚ್ಚು ಮಾಡಿಸಿದರು. ಇದೇ ಜಿಲ್ಲೆಯ ಗುಬ್ಬಿಯಲ್ಲಿ 1837ರಲ್ಲಿ ಪಾದ್ರಿ ಥಾಮಸ್ ಹಾಡ್ಸನ್ ವೆಸ್ಲಿಯನ್ ಮಿಷನ್ ಶುರು ಮಾಡಿದರು. ದನ ಕಾಯುತ್ತ ಸತ್ತವನ ವೀರಗಲ್ಲನ್ನು ಇತಿಹಾಸವೆಂದು ಓದುವ ನಾವು, ಮಿಷನ್ ಕಾಲದ ಗೋರಿಕಲ್ಲನ್ನೂ ಪಾದ್ರಿ ಬಂಗಲೆಯನ್ನೂ ಹಾಗೇಕೆ ಓದುವುದಿಲ್ಲ? ಹೆಸರು, ವಯಸ್ಸು, ಸತ್ತ ದಿನ, ಒಮ್ಮೊಮ್ಮೆ ಕಾಯಿಲೆಯ ಹೆಸರು: ಇಷ್ಟು ವಿವರ ಎಷ್ಟೋ ಹಳೆಯ ಶಾಸನಗಳಲ್ಲೂ ಸಿಗುವುದಿಲ್ಲ.

ಈ ಮಿಷನರಿಗಳು ಆಳಲು ಬಂದವರ ಕಡೆಯವರು, ಮತಾಂತರಕ್ಕೆ ಬಂದವರು, ಅವರ ಗೋರಿ ನಮಗ್ಯಾಕೆ ಎನ್ನುವವರಿದ್ದಾರೆ. ಶಿರಾದಲ್ಲಿ 1651ರ ಮಲಿಕ್ ರಿಹಾನ್ ಗೋರಿ ಇದೆಯಲ್ಲ. ಆತನೂ ಬಿಜಾಪುರದ ಪರವಾಗಿ ಆಳಿದವನೇ. ಅದನ್ನು ಕೇಂದ್ರ ಪುರಾತತ್ವ ಇಲಾಖೆ ಕಾಯುತ್ತದೆ, ಅದು ಸರಿಯೇ. ಉಳಿಸುವುದೆಂದರೆ ಹೊಗಳುವುದಲ್ಲ. ಗುಬ್ಬಿ ಮಿಷನ್ನಿನಲ್ಲಿದ್ದ ಪಾದ್ರಿ ವಿಲಿಯಂ ಆರ್ಥರ್ 1847ರಲ್ಲಿ ಪ್ರಕಟಿಸಿದ ಮೈಸೂರು ಸೀಮೆಯ ಪುಸ್ತಕವನ್ನು ಜಗಳವಾಡುತ್ತಲೇ ಓದಬಹುದು, ಆದರೆ ಓದಲು ಅದು ಉಳಿದಿರಬೇಕು. ದುಡ್ಡೆಲ್ಲಿ ಎಂಬ ತಕರಾರು ಆ ಮೊದಲ ತಕರಾರಿಗಿಂತ ಗಟ್ಟಿ. ಪ್ರತಿ ಹಂಚಿನ ಮನೆಯನ್ನೂ ರಿಪೇರಿ ಮಾಡಲಾಗದು, ನಿಜ. ಕಲ್ಲಿನ ಅಕ್ಷರ ಅಳಿಯುವ ಮೊದಲು ನಕಲು ಮಾಡಿ, ಫೋಟೋ ತೆಗೆದು, ಸರ್ವೆ ನಂಬರಿನೊಂದಿಗೆ ತಾಲ್ಲೂಕು ಕಚೇರಿಯಲ್ಲೊಂದು ಪಟ್ಟಿ ಇಡುವುದಕ್ಕೆ ಕೋಟಿ ಬೇಡ. ಊರಿನ ಕಾಲೇಜಿನ ಇತಿಹಾಸ ವಿಭಾಗ ಒಂದು ಬೇಸಿಗೆ ರಜೆಯಲ್ಲಿ ಮುಗಿಸುವ ಕೆಲಸ.