ಗರಿಕೆಯ ಅಂಗಳ

18 ಬಸದಿಗಳ ಊರಾದ ಮೂಡುಬಿದಿರೆಯ ಮನೆಯೊಂದರಲ್ಲಿ ಮುಂಗಾರಿಗೆ ಮುನ್ನ ಮಗನು ಅಂಗಳವನ್ನು ಗೇಣು ಆಳಕ್ಕೆ ಅಗೆಸಿದನು. ಕೊನ್ನಾರಿಗೆಡ್ಡೆಗಳನ್ನು ಒಂದೊಂದಾಗಿ ಆಯಿಸಿದನು. ಒಂದು ಉಳಿದರೂ ಅದು ಹುಲ್ಲುಹಾಸನ್ನೇ ನುಂಗುತ್ತದೆ. ಹಟ್ಟಿಗೊಬ್ಬರ ಬೆರೆಸಿ, ನೀರು ನಿಲ್ಲದಂತೆ ನೆಲವನ್ನು ತುಸು ಓರೆಯಾಗಿಸಿ, ಗಿಣ್ಣುಳ್ಳ ಗರಿಕೆಯ ತುಂಡುಗಳನ್ನು ನಾಲ್ಕು ಬೆರಳಿಗೊಂದರಂತೆ ನೆಡಿಸಿದನು. ಮಣ್ಣು ಸೋಕಿದ ಗಿಣ್ಣಿಗೆಲ್ಲ ಬೇರು ಮೂಡಿತು. ಆಷಾಢ ಕಳೆಯುವಷ್ಟರಲ್ಲಿ ಗೇಟಿನಿಂದ ಹೊಸ್ತಿಲವರೆಗೆ ಹಸುರು.

ವ್ರತಸ್ಥೆಯಾದ 78ರ ತಾಯಿ ಆ ಹಸುರನ್ನು ಮೆಟ್ಟಲಿಲ್ಲ. ಹಿತ್ತಿಲಿನ ಪಾಚಿಗಟ್ಟಿದ ಮೆಟ್ಟಿಲಿಳಿದು ಬಸದಿಗೆ ಹೋಗತೊಡಗಿದರು.

"ಪಾಚಿಯೂ ಜೀವವಲ್ಲವೇ ಅಮ್ಮಾ?"

"ಹೌದು ಮಗಾ. ಅದು ತಾನಾಗಿ ಬೆಳೆದದ್ದು. ಇದನ್ನು ನೀನು ತುಳಿಯಲೆಂದೇ ಬೆಳೆಸಿದ್ದೀಯಲ್ಲ!"

ಒಂದು ಬೆಳಗ್ಗೆ ಅವರು ಜಾರಿಬಿದ್ದರು. ಮಣಿಕಟ್ಟು ಊದಿತು; ಪುಣ್ಯಕ್ಕೆ ಮುರಿಯಲಿಲ್ಲ.

ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಭರತ ಚಕ್ರವರ್ತಿಯು ಅಂಗಳವನ್ನು ಹಸಿ ಮೊಳಕೆ, ಹೂವು, ಹಣ್ಣುಗಳಿಂದ ತುಂಬಿಸಿ ಜನರನ್ನು ಆಹ್ವಾನಿಸುತ್ತಾನೆ. ಅವ್ರತಿಗಳು ತುಳಿದುಕೊಂಡೇ ಒಳಬರುತ್ತಾರೆ. ಜೀವಹಿಂಸೆಗೆ ಅಂಜಿ ಹೊರಗೆ ನಿಂತವರನ್ನು ಅವನು ಬೇರೊಂದು ದಾರಿಯಿಂದ ಕರೆಸಿ ಸನ್ಮಾನಿಸುತ್ತಾನೆ. ಪುರಾಣಶ್ರವಣದಲ್ಲಿ ಮಗನು ಈ ಪ್ರಸಂಗವನ್ನು ಎಷ್ಟೋ ಸಲ ಕೇಳಿದ್ದನು. ಚಕ್ರವರ್ತಿಗಾದರೋ ಆ ಬೇರೆ ದಾರಿಯ ನೆನಪಿತ್ತು.

ದಶಲಕ್ಷಣ ಪರ್ವಕ್ಕೆ ಹದಿನೈದು ದಿನ ಮುನ್ನ ಅವನು ಹುಲ್ಲುಹಾಸಿನ ನಡುವೆ ಎರಡಡಿ ಅಗಲಕ್ಕೆ ಗರಿಕೆಯನ್ನು ಬೇರುಸಹಿತ ಎಬ್ಬಿಸಿ ಹಾಸುಗಲ್ಲು ಹಾಕಿಸಿದನು. ಪರ್ವದ ಮೊದಲ ದಿನ ತಾಯಿ ಮುಂಬಾಗಿಲಿಗೆ ಬಂದು, ಕಲ್ಲಿನ ಮೇಲೆ ಕಾಲಿಡುವ ಮುನ್ನ ಕೇಳಿದರು: "ಕಿತ್ತ ಗರಿಕೆ ಎಲ್ಲಿ?"

ಅವನು ತೆಂಗಿನ ಬುಡವನ್ನು ತೋರಿಸಿದನು. ಅಲ್ಲಿ ಮರುನೆಟ್ಟ ತುಂಡುಗಳು ಚಿಗುರೊಡೆದಿದ್ದವು.