ಬ್ರಹ್ಮಗಿರಿಯ ತಪ್ಪಲಿನ ತಮಟೆ

ನಮ್ಮ ಊರು ಬ್ರಹ್ಮಗಿರಿಯ ತಪ್ಪಲಿನದೆಂದು ಹೇಳಿದೊಡನೆ ಓದುಬರಹ ಬಲ್ಲವರು ಅಶೋಕನ ಶಾಸನದ ಮಾತನ್ನೆತ್ತುವುದು ವಾಡಿಕೆ. 1892ರಲ್ಲಿ ಬಿ. ಎಲ್. ರೈಸ್ ಮಹಾಶಯರು ಆ ಬಂಡೆಯ ಬರಹವನ್ನು ಬೆಳಕಿಗೆ ತಂದುದು, 1947ರಲ್ಲಿ ವ್ಹೀಲರ್ ಸಾಹೇಬರು ಅಲ್ಲಿಯ ನೆಲವನ್ನಗೆಯಿಸಿ ಪೂರ್ವಕಾಲದ ಕಲ್ಗೋರಿಗಳನ್ನೂ ಮಡಕೆಗಳನ್ನೂ ಹೊರತೆಗೆದುದು, ಇವೆಲ್ಲ ಪುಸ್ತಕಗಳಲ್ಲಿ ಬಂದಿರುವ ಸಂಗತಿಗಳು. ಆದರೆ ಆ ಬೆಟ್ಟವನ್ನು ನೆನೆದಾಗ ನಮ್ಮ ಕಣ್ಣಿಗೆ ಅಕ್ಷರಗಳು ಕಾಣುವುದಕ್ಕೆ ಮೊದಲು ಕಿವಿಗೆ ಚರ್ಮವಾದ್ಯದ ಸದ್ದು ಕೇಳುತ್ತದೆ. ಆ ಸದ್ದು ಅಶೋಕನ ಕಾಲದವರಿಗೂ ಹೊಸದಲ್ಲ. ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿರುವ ಅವನ ಶಾಸನದಲ್ಲಿ, ರಾಜುಕನೆಂಬ ಅಧಿಕಾರಿಯು ಭೇರಿಯನ್ನು ಹೊಡೆಸಿ ನಾಡಿನ ಜನರಿಗೆ ಅರಸನ ಅಪ್ಪಣೆಯನ್ನು ತಿಳಿಸಬೇಕೆಂಬ ವಿಧಿಯುಂಟು. ಆ ಭೇರಿಯನ್ನು ಹೊಡೆದವನ ಹೆಸರು ಅಲ್ಲಿಲ್ಲ. ನಮ್ಮ ಬಂಡೆಯ ಮೇಲೆ ಬರೆದ ಲಿಪಿಕಾರ ಚಪಡನ ಹೆಸರಾದರೋ ಇಂದಿಗೂ ಉಳಿದಿದೆ.

ನಮ್ಮ ಸೀಮೆಯ ವಾದ್ಯಗಳಲ್ಲಿ ಎರಡನ್ನು ಇಲ್ಲಿ ಹೇಳಬೇಕು. ಒಂದು ಉರುಮೆ. ಇದಕ್ಕೆ ಎರಡು ಮುಖ, ನಡು ಸಣ್ಣ. ಒಂದು ಮುಖವನ್ನು ಕೋಲಿನಿಂದ ಬಾರಿಸುತ್ತಾರೆ. ಇನ್ನೊಂದನ್ನು ಬಾರಿಸುವುದಿಲ್ಲ, ಬಾಗಿದ ಕೋಲಿನಿಂದ ಉಜ್ಜುತ್ತಾರೆ. ಆಗ ಏಳುವ ಗುರುಗುಟ್ಟುವ ದನಿಯು ಕತ್ತಲೆಯಲ್ಲಿ ಬೆಟ್ಟದ ಬಂಡೆಗಳಿಗೆ ತಾಗಿ ಹಿಂದಿರುಗಿದರೆ ಮಕ್ಕಳಾದ ನಾವು ಅಜ್ಜಿಯ ಸೆರಗಿನೊಳಗೆ ಸೇರಿಕೊಳ್ಳುತ್ತಿದ್ದೆವು. ಇನ್ನೊಂದು ತಮಟೆ. ದುಂಡನೆಯ ಬಳೆಗೆ ಬಿಗಿದ ಒಂದೇ ತೊಗಲು. ಎಡಹೆಗಲಿನಿಂದ ಇಳಿಬಿಟ್ಟು ಮೈಗೆ ಒತ್ತಿಹಿಡಿದು, ಎಡಗೈಯಲ್ಲಿ ಸಣ್ಣನೆಯ ಉದ್ದ ಕೋಲನ್ನೂ ಬಲಗೈಯಲ್ಲಿ ದಪ್ಪನೆಯ ಗಿಡ್ಡ ಕೋಲನ್ನೂ ಹಿಡಿದು ಬಾರಿಸತಕ್ಕದ್ದು. ಬಾರಿಸುವ ಮುನ್ನ ಹುಲ್ಲಿಗೆ ಬೆಂಕಿಯಿಕ್ಕಿ ಅದನ್ನು ಕಾಯಿಸಬೇಕು. ಕಾಯದ ತಮಟೆ ಒದ್ದೆ ಗೋಣಿಯಂತೆ ಡಬ್ಬೆನ್ನುತ್ತದೆ. ಕಾದುದು ಕಂಚಿನಂತೆ ಖಣಿಲೆನ್ನುತ್ತದೆ.

ನಮ್ಮೂರಿನಲ್ಲಿ ತಮಟೆ ಬಾರಿಸುತ್ತಿದ್ದವರು ಹೊರಗೇರಿಯ ಒಬ್ಬ ಹಿರಿಯರು. ದೇವರ ಮೆರವಣಿಗೆಗೂ ಮದುವೆಯ ದಿಬ್ಬಣಕ್ಕೂ ಸಾವಿನ ಮನೆಗೂ ಅವರೇ ಬರಬೇಕು. ಮೂರಕ್ಕೂ ಬಡಿತ ಬೇರೆ ಬೇರೆ, ಆದುದರಿಂದ ಒಳಗೆ ಕುಳಿತ ಹೆಂಗಸರು ಬಾಗಿಲು ತೆರೆಯದೆಯೇ ಊರಿನ ಸುದ್ದಿಯನ್ನು ತಿಳಿಯುತ್ತಿದ್ದರು. ಅವರ ಎಡಗೈ ಕೋಲು ಹುರಿಯುವ ಜೋಳದಂತೆ ಬಿಡುವಿಲ್ಲದೆ ಚಿಟಿಚಿಟಿಗುಟ್ಟುತ್ತಿರುವುದು. ಬಲಗೈ ಮಾತ್ರ ಬಲು ಜಿಪುಣ. ಉತ್ಸವಮೂರ್ತಿಯು ಗುಡಿಯ ಮೂಲೆಯನ್ನು ತಿರುಗುವ ಸಮಯಕ್ಕೆ ಸರಿಯಾಗಿ, ಎಲ್ಲರೂ ಪೆಟ್ಟನ್ನು ಎದುರುನೋಡುತ್ತಿರುವಲ್ಲಿ, ಅವರು ಹೊಡೆಯದೆ ಬಿಡುತ್ತಿದ್ದರು. ಆ ಒಂದು ಕ್ಷಣ ಜಾತ್ರೆಯೆಲ್ಲ ಉಸಿರುಗಟ್ಟಿ ನಿಂತಂತಾಗುತ್ತಿತ್ತು. ಅನಂತರ ಬಿದ್ದ ಪೆಟ್ಟು ನೆಲದೊಳಗಿನಿಂದ ಬಂದಂತೆ ಕೇಳುತ್ತಿತ್ತು. ಇಷ್ಟೆಲ್ಲ ಆದ ಮೇಲೆ ಪ್ರಸಾದವನ್ನು ಅವರಿಗೆ ದೂರದಿಂದ ಎತ್ತಿಹಾಕುತ್ತಿದ್ದರು. ಅದರಲ್ಲಿ ತಪ್ಪೇನಾದರೂ ಇದೆಯೆಂದು ಆಗ ನಮಗೆ ತೋರಲಿಲ್ಲ.

ಅವರ ಮಗಳು 1970ರ ದಶಕದಲ್ಲಿ ನಮ್ಮೊಡನೆ ಈ ಶಾಲೆಯ ಬೋರ್ಡಿಂಗಿನಲ್ಲಿದ್ದಳು. ಒಂದೇ ಬೆಂಚು, ಊಟಕ್ಕೆ ಒಂದೇ ಸಾಲು. ತಂದೆಯ ಕಸುಬೇನೆಂದು ಕೇಳಿದವರಿಗೆ ಆಕೆ ಬೇಸಾಯವೆಂದು ಹೇಳುತ್ತಿದ್ದಳು. ಒಂದು ವರ್ಷ ವಾರ್ಷಿಕೋತ್ಸವದ ಕೋಲಾಟಕ್ಕೆ ತಾಳ ಹಿಡಿಯುವವರು ದೊರೆಯಲಿಲ್ಲ. ಉಪಾಧ್ಯಾಯಿನಿಯವರು ಡ್ರಿಲ್ಲಿನ ಡೋಲನ್ನು ನಡುವೆ ಇಟ್ಟು, ಯಾರಾದರೂ ಬಾರಿಸಬಲ್ಲಿರಾ ಎಂದು ಕೇಳಿದರು. ಬಹಳ ಹೊತ್ತಿನ ಮೇಲೆ ಆಕೆ ಎದ್ದಳು. ಮೊದಲು ಬೆರಳಿನಿಂದ ತೊಗಲನ್ನು ಒತ್ತಿನೋಡಿ, ಬಿಸಿಲಿಗೆ ಒಂದಿಷ್ಟು ಹೊತ್ತು ಇಟ್ಟು ತಂದಳು. ಆಮೇಲೆ ಬಾರಿಸಿದಳು. ಕಾಲುಗಳು ತಾವಾಗಿಯೇ ಎದ್ದುವು! ನಡುವೆ ಒಮ್ಮೆ, ತಂದೆಯಂತೆಯೇ, ಹೊಡೆಯದೆ ಬಿಟ್ಟಳು. ಎಲ್ಲಿ ಕಲಿತೆಯಮ್ಮಾ ಎಂದು ಉಪಾಧ್ಯಾಯಿನಿಯವರು ಕೇಳಿದಾಗ ಆಕೆ ಸುಮ್ಮನಿದ್ದಳು. ಉತ್ತರ ಕೊಟ್ಟವರು ನಾವು. “ಅವಳ ಅಪ್ಪ ನಮ್ಮೂರಲ್ಲಿ ಹೆಣದ ಮುಂದೆ ತಮಟೆ ಹೊಡೆಯುತ್ತಾನೆ” ಎಂದೆವು. ಹುಡುಗಿಯರು ನಕ್ಕರು. ನಾವೂ ನಕ್ಕೆವು. ಆಕೆ ಕೋಲುಗಳನ್ನು ಡೋಲಿನ ಮೇಲೆ ಜೋಡಿಸಿಟ್ಟು ಹೊರಗೆ ಹೋದಳು. ಶಾಲೆಯನ್ನು ಬಿಡಲಿಲ್ಲ; ಎಸ್.ಎಸ್.ಎಲ್.ಸಿ.ಯಲ್ಲಿ ನಮಗಿಂತ ಹೆಚ್ಚು ಅಂಕಗಳನ್ನೇ ಪಡೆದಳು. ಆದರೆ ಡೋಲನ್ನು ಮತ್ತೆ ಮುಟ್ಟಲಿಲ್ಲ, ನಮ್ಮೊಡನೆ ಮಾತನ್ನೂ ಆಡಲಿಲ್ಲ.

ಈ ಸಂಗತಿಯನ್ನು ನಾವು ಮರೆತೆವೆಂದೇ ತಿಳಿದಿದ್ದೆವು. ಕೆಲವು ವರ್ಷಗಳ ಹಿಂದೆ ನಮ್ಮ ಮೊಮ್ಮಗಳು ಮೊಬೈಲಿನಲ್ಲಿ ಜಪಾನ್ ದೇಶದ ಭೇರಿವಾದನವೊಂದನ್ನು ತೋರಿಸಿದಳು. ಬಾರಿಸುತ್ತಿದ್ದವರು ಹಯಾಶಿ ಎಯಿತೆತ್ಸು. 1952ರಲ್ಲಿ ಹಿರೋಶಿಮಾ ಪ್ರಾಂತದಲ್ಲಿ ಹುಟ್ಟಿದ ಇವರು, ಸಾದೋ ದ್ವೀಪದಲ್ಲಿ ನೆಲೆಸಿದ ಒಂದೆಕೋಜಾ ಮೇಳದಲ್ಲಿಯೂ 1981ರಲ್ಲಿ ಅದರಿಂದ ಹುಟ್ಟಿದ ಕೊದೋ ಮೇಳದಲ್ಲಿಯೂ ಇದ್ದು, 1982ರಿಂದ ಒಬ್ಬರೇ ಬಾರಿಸತೊಡಗಿದರು. ಆಳೆತ್ತರವನ್ನು ಮೀರಿದ ಭೇರಿಯೆದುರಿಗೆ ಸಭೆಗೆ ಬೆನ್ನುಮಾಡಿ, ಕಾಲಗಲಿಸಿ ನಿಂತು, ಎರಡು ದಪ್ಪ ಕೋಲುಗಳಿಂದ ಹೊಡೆಯುವುದು ಅವರ ಶೈಲಿ. ಮುಖ ಕಾಣದು; ಬೆನ್ನಿನ ಸ್ನಾಯುಗಳೇ ತಾಳವನ್ನು ತೋರುತ್ತವೆ. ಹಲವು ಪೆಟ್ಟುಗಳಾದ ಮೇಲೆ ಅವರ ಕೈ ಗಾಳಿಯಲ್ಲಿ ನಿಂತಿತು. ಪೆಟ್ಟು ಬೀಳಲಿಲ್ಲ. ನಮ್ಮ ಎದೆ ಝಲ್ಲೆಂದಿತು. ಆ ಬಿಡುವಿಗೆ ಜಪಾನೀಯರಲ್ಲಿ ‘ಮಾ’ ಎಂಬ ಹೆಸರಿದೆಯಂತೆ. ಅದನ್ನು ತಮ್ಮ ಕಲೆಗಳ ಜೀವವೆಂದೇ ಅವರು ಎಣಿಸುತ್ತಾರೆ. ನಮ್ಮೂರಿನ ಹಿರಿಯರು ಮಾಡುತ್ತಿದ್ದುದಕ್ಕೆ ನಾವು ಯಾವ ಹೆಸರನ್ನೂ ಇಟ್ಟಿರಲಿಲ್ಲ.

ಅಂದಿನಿಂದ ಈ ವಿಷಯವನ್ನು ಕುರಿತು ಸಿಕ್ಕಿದುದನ್ನೆಲ್ಲ ಓದತೊಡಗಿದೆವು. ಗುಡಿಯ ಹಬ್ಬಗಳಲ್ಲಿದ್ದ ಭೇರಿಗಳನ್ನು ಮೇಳವಾಗಿ ಕೂಡಿಸಿ ರಂಗದ ಮೇಲೆ ತಂದವರು ಸುವಾ ಸೀಮೆಯ ಒಗುಚಿ ದಾಯ್ಹಾಚಿ. ಅವರು ಮೊದಲು ಪಾಶ್ಚಾತ್ಯ ಜಾಜ್ ಸಂಗೀತಕ್ಕೆ ಡ್ರಮ್ ಬಾರಿಸುತ್ತಿದ್ದವರು. ಒಬ್ಬನೇ ಹಲವು ಡ್ರಮ್ಮುಗಳನ್ನು ಬಾರಿಸುವ ಆ ಪದ್ಧತಿಯನ್ನು ತಿರುಗಿಸಿ, ಸಣ್ಣದು ದೊಡ್ಡದು ಎಂಬ ಭೇರಿಗಳನ್ನು ಒಬ್ಬೊಬ್ಬರಿಗೆ ಹಂಚಿ, 1951ರಲ್ಲಿ ತಮ್ಮ ಮೇಳವನ್ನು ಕಟ್ಟಿದರು. ನಮ್ಮವರು ತದಿಗಿಣತೊಂ ಎಂದು ಬಾಯಲ್ಲಿ ಹೇಳಿ ಕಲಿಸುವಂತೆಯೇ ಅವರಲ್ಲಿಯೂ ತೊಗಲಿನ ನಡುವಣ ಪೆಟ್ಟಿಗೆ ‘ದೊನ್’ ಎಂದೂ ಅಂಚಿನ ಪೆಟ್ಟಿಗೆ ‘ಕಾ’ ಎಂದೂ ಹೇಳಿ ಕಲಿಸುವರು. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಓದುತ್ತ ಓದುತ್ತ ನಾವು ನಿಂತುಹೋದುದು ಬೇರೊಂದೆಡೆ. ಆ ದೇಶದಲ್ಲಿಯೂ ತೊಗಲನ್ನು ಹದಮಾಡಿ ಭೇರಿ ಕಟ್ಟುವವರನ್ನು ಬುರಾಕು ಜನರೆಂದು ಊರಿನಿಂದ ಬೇರೆಯಿರಿಸಿದ್ದರು. ಓಸಾಕಾ ನಗರದ ನಾನಿವಾ ಎಂಬಲ್ಲಿಯ ಆ ಜನರ ತರುಣರು, ತಮ್ಮವರು ಮಾಡಿದ ಭೇರಿಯನ್ನು ತಾವೇ ಬಾರಿಸುವೆವೆಂದು 1987ರಲ್ಲಿ ಮೇಳ ಕಟ್ಟಿದರು. ಅದಕ್ಕೆ ಅವರಿಟ್ಟ ಹೆಸರು ‘ಇಕಾರಿ’. ಇಕಾರಿಯೆಂದರೆ ಸಿಟ್ಟು.

2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆವಾದನಕ್ಕಾಗಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಪತ್ರಿಕೆಯಲ್ಲಿ ಆ ಸುದ್ದಿಯನ್ನು ಓದಿದ ದಿನವೇ ನಾವು ಆಕೆಯ ವಿಳಾಸವನ್ನು ವಿಚಾರಿಸಿದೆವು. ಉಪಾಧ್ಯಾಯಿನಿಯಾಗಿದ್ದು ನಿವೃತ್ತಳಾಗಿ, ಊರಿಗೇ ಬಂದು ತಂದೆಯ ಮನೆಯನ್ನು ಕಟ್ಟಿಸಿಕೊಂಡಿದ್ದಾಳೆಂದು ತಿಳಿಯಿತು. ಊರು ನಮ್ಮದೇ, ಆದರೂ ಹೊರಗೇರಿಯ ಆ ಬೀದಿಯಲ್ಲಿ ನಾವು ಕಾಲಿಟ್ಟುದು ಅದೇ ಮೊದಲು.

ಆಕೆ ಗುರುತಿಸಿದಳು. ಒಳಗೆ ಕರೆದು ಕಾಫಿ ಕೊಟ್ಟಳು. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳು ಒಂದೂ ಬಾಯಿಗೆ ಬರಲಿಲ್ಲ. ಕಡೆಗೆ, “ಆ ದಿನ ಕೋಲಾಟಕ್ಕೆ ನೀನು ಡೋಲು ಬಾರಿಸಿದಾಗ ನಾವು ಆಡಿದ ಮಾತು ತಪ್ಪು” ಎಂದಷ್ಟೇ ಹೇಳಿದೆವು. ಆಕೆ ಲೋಟವನ್ನು ಕೆಳಗಿಟ್ಟು, “ಮಾತು ಸುಳ್ಳೇನಲ್ಲವಲ್ಲೇ. ಅಪ್ಪ ಹೆಣದ ಮುಂದೆ ಬಾರಿಸುತ್ತಿದ್ದುದು ನಿಜ. ನಿಮ್ಮ ತಾತನ ಹೆಣದ ಮುಂದೆಯೂ ಬಾರಿಸಿದ್ದ. ನೀನು ನಕ್ಕೆಯಲ್ಲ, ಅದು ನನಗೆ ಮರೆಯಲಿಲ್ಲ” ಎಂದಳು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಗೋಡೆಯ ಮೇಲೆ ಆ ತಮಟೆ ತೂಗುತ್ತಿತ್ತು. ನಾವು ಅತ್ತ ನೋಡುತ್ತಿರುವುದನ್ನು ಕಂಡು ಆಕೆ, ತಂದೆ ತೀರಿದಾಗ ಯಾರು ಬಾರಿಸಬೇಕೆಂಬ ಚರ್ಚೆ ಬಂದುದನ್ನೂ, ಹೆಣ್ಣುಮಗಳಾದ ತಾನೇ ಬಾರಿಸಿದುದನ್ನೂ ಹೇಳಿದಳು. ಈಗ ಸಂಜೆಯ ಹೊತ್ತು ಕೇರಿಯ ಏಳೆಂಟು ಹುಡುಗಿಯರು ಕಲಿಯಲು ಬರುತ್ತಾರಂತೆ. “ಎಡಗೈ ಬೇಗ ಬರುತ್ತದೆ. ಹೊಡೆಯದೆ ಬಿಡುವುದನ್ನು ಕಲಿಸುವುದೇ ಕಷ್ಟ, ಮಕ್ಕಳಿಗೆ ತಡೆಯುವುದಿಲ್ಲ, ಹೊಡೆದುಬಿಡುತ್ತಾರೆ” ಎಂದು ನಕ್ಕಳು. ಹೊರಗೆ ಆಗಲೇ ಇಬ್ಬರು ಹುಡುಗಿಯರು ಅಂಗಳದಲ್ಲಿ ಹುಲ್ಲು ಗುಡ್ಡೆಮಾಡಿ ಬೆಂಕಿಯಿಕ್ಕುತ್ತಿದ್ದರು. ಆಕೆ ಗೋಡೆಯಿಂದ ತಮಟೆಯನ್ನಿಳಿಸಿ, ಕಾಯಿಸಿಕೊಂಡು ಬರಲು ನಮ್ಮ ಕೈಗೆ ಕೊಟ್ಟಳು.